ಕಾಳಿಲ್ಲದೆ ಬೀಸಿದ ಕಲ್ಲು

ಹತ್ತು ಗಂಟೆಗೆ ನಾಯಗಾಂವ್ ಶಸ್ತ್ರಾಗಾರದ ಕಿಟಕಿಗೆ
ಸಬ್ ಇನ್ಸ್‌ಪೆಕ್ಟರ್ ಖರಾತ್ ಬಂದರು.
ಕರವಸ್ತ್ರದಲ್ಲಿ ಸುತ್ತಿದ ಪಿಸ್ತೂಲನ್ನು
ಪ್ರಸಾದ ಕೊಟ್ಟಹಾಗೆ ಎರಡೂ ಕೈಯಲ್ಲಿ ಕೊಟ್ಟರು.
ಮರಾಠಿಯಲ್ಲಿ ಅಂದರು: ಎಳೆದರೆ ತಡೀತದೆ,
ನಡುವೆ ಎಲ್ಲೋ ತಿಕ್ಕತದೆ.

ಮ್ಯಾಗಜೀನ್ ತೆಗೆದೆ. ಗುಂಡಿನ ಕೋಣೆ ಖಾಲಿ.
ಕಣ್ಣು ಹೇಳಿತು, ಆಮೇಲೆ ಕಿರುಬೆರಳು ಹೋಗಿ ಮುಟ್ಟಿ ಬಂತು.
ಇಪ್ಪತ್ತಾರು ವರ್ಷದಲ್ಲಿ ಒಮ್ಮೆಯೂ ಈ ಬೆರಳು
ಕಣ್ಣಿನ ಮಾತು ನಂಬಿಲ್ಲ.

ಹಳೇ ಪೇಪರ್ ಹಾಸಿ ಸ್ಲೈಡ್ ಕಳಚಿಟ್ಟೆ.
ಸ್ಪ್ರಿಂಗು ಮುಖಕ್ಕೆ ಹಾರದಂತೆ ಹೆಬ್ಬೆರಳಲ್ಲಿ ಅದುಮಿ
ಗೈಡ್ ರಾಡ್ ಹೊರಗೆಳೆದೆ.
ಬೆರಳುದ್ದದ ಉಕ್ಕಿನ ಕಡ್ಡಿ, ಅಷ್ಟೇ.
ಸ್ಪ್ರಿಂಗಿನ ಹೊಟ್ಟೆಯೊಳಗೆ ಕೂತು
ಅದು ಸೊಟ್ಟ ಹೋಗದಂತೆ ಕಾಯುವುದು ಇದರ ನೌಕರಿ.
ಗುಂಡು ಇದನ್ನು ಮುಟ್ಟುವುದೇ ಇಲ್ಲ.
ಗುಂಡಿನ ಸುದ್ದಿ ಪೇಪರಿನಲ್ಲಿ ಬರುತ್ತದೆ,
ಇದರದು ನನ್ನ ರಿಜಿಸ್ಟರಿನಲ್ಲಿ.

ಚಡಚಣದಲ್ಲಿ ನಮ್ಮವ್ವನ ಬೀಸುಕಲ್ಲಿಗೂ
ನಡುವೆ ಇಂಥದೇ ಒಂದು ಗೂಟ.
ಮೇಲಿನ ಕಲ್ಲು ತಿರುಗುತ್ತಿತ್ತು, ಅವ್ವನ ತೋಳು ತಿರುಗುತ್ತಿತ್ತು,
ಬೆಳಗಿನ ಜಾವವೇ ತಿರುಗಿ ಹಗಲಾಗುತ್ತಿತ್ತು,
ಗೂಟ ನಿಂತಲ್ಲೇ ನಿಂತು ಸವೆಯುತ್ತಿತ್ತು.
ನಾವು ಹುಡುಗರು ಆಟಕ್ಕೆ ಖಾಲಿ ಕಲ್ಲು ತಿರುಗಿಸಿದರೆ
ಒಳಗಿಂದಲೇ ಚೀರುವಳು:
ಕಾಳ ಹಾಕ್ದ ಬೀಸಬ್ಯಾಡ್ರೋ ಮಕ್ಕಳ್ರಾ,
ಕಲ್ಲ ಕಲ್ಲನ್ನs ತಿಂತೈತಿ.

ಲೆನ್ಸ್ ಹಿಡಿದು ನೋಡಿದೆ.
ರಾಡಿನ ಒಂದು ಮಗ್ಗುಲು ಕಾಲುಂಗುರದಂತೆ ನುಣ್ಣಗೆ,
ತುದಿಯಲ್ಲಿ ಗೀರು, ನಡುವೆ ಕೂದಲೆಳೆಯಷ್ಟು ಬಾಗು.
ಹೀಗಾಗಬೇಕಾದರೆ ಸಾವಿರ ಸಾವಿರ ಸಲ
ಸ್ಲೈಡು ಹೋಗಿ ಬಂದಿರಬೇಕು.
ಸಾಹೇಬರ ಕಾರ್ಡು ತೆಗೆದೆ.
ಹದಿನೇಳು ವರ್ಷ. ವರ್ಷಕ್ಕೊಮ್ಮೆ ಅಭ್ಯಾಸದ ಹತ್ತು ಗುಂಡು,
ಎರಡು ವರ್ಷ ಗಣಪತಿ ಬಂದೋಬಸ್ತಿನಲ್ಲಿ ಅದೂ ಇಲ್ಲ.
ನಳಿಗೆಯೊಳಗೆ ಬೆಳಕು ಬಿಟ್ಟೆ:
ಸುರುಳಿಗೆರೆಗಳು ಕಾರ್ಖಾನೆಯಿಂದ ಬಂದ ದಿನದಂತಿವೆ.

ಹಾಗಾದರೆ ಇದು ಸವೆದದ್ದು ಎಲ್ಲಿ?

ಕೇಳುವ ಅಧಿಕಾರ ನನಗಿಲ್ಲ. ಹೆಡ್ ಕಾನ್‌ಸ್ಟೇಬಲ್ ನಾನು.
ಆದರೆ ಉಕ್ಕಿಗೆ ಹುದ್ದೆ ಗೊತ್ತಾಗುವುದಿಲ್ಲ,
ಕಂಡದ್ದು ಹೇಳಿಬಿಡುತ್ತದೆ.
ಕ್ವಾರ್ಟರ್ಸು, ಮೂರನೇ ಮಹಡಿ,
ಹೆಂಡತಿ ಮಕ್ಕಳು ಮಲಗಿದ ಮೇಲೆ
ಅಡುಗೆಮನೆಯ ಸ್ಟೂಲು, ಫ್ರಿಜ್ಜಿನ ಗುಂಯ್.
ಎಳೆ, ಬಿಡು. ಎಳೆ, ಬಿಡು.
ಖಾಲಿ ಇದೆ.
ಖಾಲಿ ಇರುವುದು ಖರೆಯೇ ಅಂತ ಇನ್ನೊಮ್ಮೆ.
ಪಕ್ಕದ ಮನೆಯವರಿಗೆ
ಬೆಳ್ಳುಳ್ಳಿ ಜಜ್ಜಿದ ಸದ್ದೆನಿಸಿರಬೇಕು.

ತಲೆ ಎತ್ತಿದೆ. ಖರಾತ್ ಸಾಹೇಬರು ನನ್ನ ನೋಡುತ್ತಿರಲಿಲ್ಲ,
ರಾಡನ್ನು ನೋಡುತ್ತಿದ್ದರು,
ಎಕ್ಸ್‌ರೇ ಹಿಡಿದ ಡಾಕ್ಟರನ್ನು ರೋಗಿ ನೋಡುವಂತೆ.

ನನ್ನ ಎಡಗಡೆಯ ಖಾನೆಯಲ್ಲಿ
ಮೇಣದ ಕಾಗದ ಸುತ್ತಿದ ಹದಿನಾಲ್ಕು ಹೊಸ ರಾಡುಗಳಿವೆ.
ಮೂರು ನಿಮಿಷದ ಕೆಲಸ.
ಸ್ಟಾಕ್ ಇಲ್ಲ ಸಾಹೇಬ, ಅಂದೆ, ಪುಣೆಯಿಂದ ಬರಬೇಕು,
ಹದಿನೈದು ದಿನವಾದರೂ ಬೇಕು. ಇಲ್ಲೇ ಇರಲಿ.
ಬೈಯುತ್ತಾರೆ ಅಂದುಕೊಂಡೆ.
ಹದಿನೈದೇ ದಿನವಾ? ಅಂದರು.

ರಸೀದಿ ಹರಿದುಕೊಟ್ಟೆ. ಅದರ ಬೆನ್ನಿಗೆ
ನಾಗಪಾಡಾ ಆಸ್ಪತ್ರೆಯ ಒಬ್ಬ ಡಾಕ್ಟರ್ ಬಾಯಿಯ ಹೆಸರು ಬರೆದೆ,
ನನಗೆ ನಿದ್ದೆ ಹೋದ ವರ್ಷ
ನಾನೂ ಆ ಬಾಗಿಲಿಗೆ ಹೋಗಿದ್ದೆ.
ಓದಿದರೋ ಇಲ್ಲವೋ, ಮಡಚಿ ಜೇಬಿಗಿಟ್ಟರು.
ಹೋಗುವಾಗ ಬಲಗೈ ಒಮ್ಮೆ ಸೊಂಟ ತಡವಿತು,
ಬಿದ್ದ ಹಲ್ಲಿನ ಜಾಗವನ್ನು ನಾಲಿಗೆ ತಡವುವಂತೆ.

ಮಧ್ಯಾಹ್ನ ಡಬ್ಬಿ ತಿಂದು ಹೊಸ ರಾಡ್ ಹಾಕಿದೆ.
ಒಂದು ಹನಿ ಎಣ್ಣೆ. ಎಳೆದೆ:
ಬೆಣ್ಣೆಯಿಂದ ಕೂದಲು ತೆಗೆದಹಾಗೆ.
ಇನ್ನೊಮ್ಮೆ ಎಳೆದೆ. ಮತ್ತೊಮ್ಮೆ.
ಇನ್ನೂ ಒಮ್ಮೆ ಕೈ ಹೋದದ್ದು ಕಂಡು
ಗಾಬರಿಯಾಗಿ ಕಪಾಟಿನಲ್ಲಿಟ್ಟು ಬೀಗ ಹಾಕಿದೆ.

ಈಗ ರಿಜಿಸ್ಟರು.
ಭಾಗ: ಗೈಡ್ ರಾಡ್. ಸ್ಥಿತಿ: ಸವೆದು ಬಾಗಿದೆ.
ಕಾರಣ ಅನ್ನುವ ಕಾಲಮ್ಮಿನ ಮುಂದೆ
ಪೆನ್ನಿನ ತುದಿಯಲ್ಲಿ ಶಾಯಿ ದುಂಡಾಯಿತು.
ಹೆಚ್ಚಿನ ಬಳಕೆ ಅಂತ ಬರೆದರೆ
ಗುಂಡಿನ ಲೆಕ್ಕ ಕೇಳುತ್ತಾರೆ.

ಸಮುದ್ರದ ಗಾಳಿ, ಅಂತ ಬರೆದೆ.
ಈ ಊರಲ್ಲಿ ಯಾರೂ ಅದನ್ನು
ತಿರುಗಿ ಪ್ರಶ್ನಿಸುವುದಿಲ್ಲ.